೧೧೪೭ನೇ ಸಿಪಾಯಿಯ ಎರಡು ಅಳತೆ

ನನ್ನ ಗೆಳೆಯ ಹೋದ ತಿಂಗಳು ಹದಿನಾರನೇ ತಾರೀಕು ತೀರಿಕೊಂಡ. ಎಂಬತ್ತು ತುಂಬಲು ಎರಡು ತಿಂಗಳು ಬಾಕಿಯಿತ್ತು. ಆ ದಿನ ಬೆಳಿಗ್ಗೆ ಅಂಗಡಿಯಲ್ಲಿ ಒಂದು ಪ್ಯಾಂಟಿನ ಕಾಲು ಮಡಿಸಿ ಹೊಲಿದು, ಇಸ್ತ್ರಿ ಹಾಕಿ, ಮೊಳೆಗೆ ತೂಗುಹಾಕಿದ. ಬೆನ್ನು ಹಿಡಿದುಕೊಂಡಂತಿದೆ ಎಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಕಾಲು ಚಾಚಿದವನು ಮತ್ತೆ ಏಳಲಿಲ್ಲ. ಸಂಜೆ ಆ ಪ್ಯಾಂಟಿನ ಗಿರಾಕಿ ಬಂದು, ಸುದ್ದಿ ತಿಳಿದು, ಕೇಳುವುದೋ ಬಿಡುವುದೋ ಗೊತ್ತಾಗದೆ ಹೊಸ್ತಿಲ ಹೊರಗೆ ನಿಂತಿದ್ದ. ಗೆಳೆಯನ ಹೆಂಡತಿ, ನಾನು ಅತ್ತಿಗೆ ಎನ್ನುವವರು, ತಾವೇ ಎದ್ದು ಹೋಗಿ ಮೊಳೆಯಿಂದ ತೆಗೆದು ಅವನ ಕೈಗಿಟ್ಟರು. "ತಗೊಳ್ಳಿ. ಅವರ ಹೊಲಿಗೆ, ಬಿಚ್ಚಿಕೊಳ್ಳಲ್ಲ" ಎಂದರು. ಆಮೇಲೆ ಒಳಗೆ ಹೋಗಿ ಅತ್ತರು.

ಊರಿಗೆಲ್ಲ ಅವನು ಅರ್ಧಿಂಚು. ಯಾರು ಬಟ್ಟೆ ಕೊಟ್ಟರೂ ಅಳತೆ ತೆಗೆದ ಮೇಲೆ, "ಒಳಗೆ ಅರ್ಧ ಇಂಚು ಬಿಟ್ಟಿರ್ತೀನಿ, ಮುಂದಕ್ಕೆ ಬೇಕಾಗುತ್ತೆ" ಎನ್ನುತ್ತಿದ್ದ. ಕಡ್ಡಿಯಂಥ ಮೇಷ್ಟ್ರೊಬ್ಬರು, "ನಾನೆಲ್ಲಪ್ಪ ದಪ್ಪ ಆಗ್ತೀನಿ?" ಎಂದಿದ್ದಕ್ಕೆ, "ನೀವಾಗದಿದ್ರೆ ನಿಮ್ಮ ಮಗ ಆಗ್ತಾನೆ ಬಿಡಿ, ಬಟ್ಟೆ ನಿಮಗಿಂತ ಜಾಸ್ತಿ ದಿನ ಇರುತ್ತೆ" ಎಂದಿದ್ದ. ಮೇಷ್ಟ್ರಿಗೆ ಸಿಟ್ಟು ಬಂತು. ಆದರೆ ಅವರ ಮಗ ಅದೇ ಕೋಟು ತೊಟ್ಟುಕೊಂಡು ಕೆಲಸಕ್ಕೆ ಸೇರಿದ್ದನ್ನು ನಾನೇ ನೋಡಿದ್ದೇನೆ.

ಅವನ ಕತೆ ಹೇಳಬೇಕಾದರೆ ಒಂದು ಪಲ್ಟನ್ನಿನ ಕತೆ ಹೇಳದೆ ಆಗುವುದಿಲ್ಲ. ನಮ್ಮದು ದಂಡಿನ ಪೇಟೆ. ಕಂಪನಿ ಸರ್ಕಾರದ ಕಾಲದಲ್ಲಿ ಇಲ್ಲಿ ಒಂದು ಕಾಲಾಳು ಪಲ್ಟನ್ನು ಕಟ್ಟಿದರು. ಮೊದಲು ಕೆಂಪು ಕೋಟು, ಆಮೇಲೆ ಖಾಕಿ. ನೂರು ವರ್ಷದಲ್ಲಿ ಅದರ ಹೆಸರು ನಾಲ್ಕು ಸಲ ಬದಲಾಯಿತು, ನಂಬರು ಐದು ಸಲ. ಯಾರದೋ ಜಗಳಕ್ಕೆ ಯಾರದೋ ನೆಲಕ್ಕೆ ಹಡಗಿನಲ್ಲಿ ಹೋಗಿ ಬಂತು. ಮೊದಲನೇ ಮಹಾಯುದ್ಧದಲ್ಲಿ ಅರ್ಧ ಕರಗಿತು. ಯುದ್ಧ ಮುಗಿದು ಸೈನ್ಯವನ್ನು ಇಳಿಸುವಾಗ ಉಳಿದರ್ಧವನ್ನು ಇನ್ನೊಂದು ಪಲ್ಟನ್ನಿಗೆ ಸೇರಿಸಿದರು. ಹೀಗೆ ಹಾಲಿಗೆ ನೀರು ಬೆರೆತಂತೆ ಅದು ಇಲ್ಲವಾಯಿತು. ಉಳಿದದ್ದು ಅಳೆದಿಟ್ಟಂಥ ನೇರ ಬೀದಿಗಳು, ಈಗ ಆಸ್ಪತ್ರೆಯಾಗಿರುವ ಉದ್ದನೆಯ ಬ್ಯಾರಕ್ಕು, ಅರ್ಧ ಬಸ್ ನಿಲ್ದಾಣವಾಗಿರುವ ಕವಾಯತು ಮೈದಾನ, ಮತ್ತು ಆ ಮೈದಾನದ ಹಿಂದಿನ ದರ್ಜಿ ಸಾಲು.

ದರ್ಜಿ ಸಾಲಿನ ಮೂರನೇ ಮನೆ ಅವನದು. ಅವನ ಅಜ್ಜ ಪಲ್ಟನ್ನಿನ ದರ್ಜಿ. ಸರ್ಕಾರದಿಂದ ಬರುತ್ತಿದ್ದ ಸಿದ್ಧ ಉಡುಪು ಯಾರ ಮೈಗೂ ಕೂರುತ್ತಿರಲಿಲ್ಲವಾದ್ದರಿಂದ, ಪ್ರತಿಯೊಬ್ಬ ಸಿಪಾಯಿಯನ್ನೂ ನಿಲ್ಲಿಸಿ ಅಳೆದು ಬಿಚ್ಚಿ ಹೊಲಿದು ಕೊಡುವುದು ಆತನ ಕೆಲಸ. ಪಲ್ಟನ್ನು ಹೋದ ಮೇಲೆ ಅದೇ ಕೈ ಶಾಲೆಯ ಚಡ್ಡಿ ಹೊಲಿಯಿತು. "ಯುದ್ಧ ನಿಲ್ಲಬಹುದು, ಶಾಲೆ ನಿಲ್ಲಲ್ಲ, ನಮ್ಮ ತಾತ ಬಡ್ತಿ ಪಡೆದ್ರು" ಎಂದು ಅರ್ಧಿಂಚು ನಗುತ್ತಿದ್ದ. ಅಪ್ಪನ ಕಣ್ಣು ಮಂಜಾದಾಗ ಇವನು ಏಳನೇ ತರಗತಿ ಬಿಟ್ಟು ಮೆಷಿನ್ನಿಗೆ ಕೂತ. ಬಿಟ್ಟ ಓದಿನ ಮೇಲೆ ಅವನಿಗೆ ಕಡೆಯವರೆಗೂ ಒಂದು ಬಗೆಯ ಆಸೆ ಇತ್ತು.

ನಾನು ಪುರಸಭೆಯ ಗ್ರಂಥಾಲಯದಲ್ಲಿದ್ದೆ. ನನಗೆ ಮೂವತ್ತು, ಅವನಿಗೆ ನನಗಿಂತ ಎರಡು ಹೆಚ್ಚು. ಒಂದು ಮಧ್ಯಾಹ್ನ ಬಂದು, "ನಮ್ಮ ಪಲ್ಟನ್ನಿನ ಚರಿತ್ರೆ ಇದೆಯಂತಲ್ಲ" ಎಂದು ಕೇಳಿದ. ಅದರಲ್ಲೇ ಅಧಿಕಾರಿಯಾಗಿದ್ದ ಒಬ್ಬ ಕರ್ನಲ್ ಬರೆದ ಎರಡು ಸಂಪುಟ, ಕೆಂಪು ಬೈಂಡು, ಇಂಗ್ಲಿಷು. ಅವನಿಗೆ ಇಂಗ್ಲಿಷು ಬಾರದು. ಅಂಗಡಿಗೆ ಬಿಡುವಿದ್ದ ಒಂದರಿಂದ ಮೂರರವರೆಗೆ ನಾನು ಓದಿ ಹೇಳುವುದು, ಅವನು ಗುಂಡಿಗೆ ಕಾಜಾ ಹೊಲಿಯುತ್ತ ಕೇಳುವುದು ಎಂದಾಯಿತು. ಎಂಟು ತಿಂಗಳು ಹಿಡಿಯಿತು.

ಅವನಷ್ಟು ಚೆನ್ನಾಗಿ ಕೇಳುವವರನ್ನು ನಾನು ಕಂಡಿಲ್ಲ. ಎರಡನೇ ಸಂಪುಟದ ನಡುವೆ ಒಂದು ದಿನ ಸೂಜಿ ನಿಲ್ಲಿಸಿ, "ಲೈಬ್ರರಿ, ಒಂದು ಗಮನಿಸಿದ್ಯಾ?" ಎಂದ. ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. "ಕರ್ನಲ್ಲರ ಕುದುರೆಗೆ ಹೆಸರಿದೆ. ಅವರ ನಾಯಿಗೂ ಇದೆ. ನಮ್ಮೋರೆಲ್ಲ 'ಇತರೆ ಎಂಬತ್ತು ಜನ'."

"ಬರೆದೋರು ಅವರು ತಾನೆ."

"ಅದಕ್ಕೇ ಹೇಳಿದ್ದು. ಅಳೆದೋರು ನಾವು."

ಆ ಮಾತಿನ ಅರ್ಥ ನನಗೆ ಆಗ ಪೂರ್ತಿ ಆಗಲಿಲ್ಲ. ಅವನ ಮನೆಯ ಟ್ರಂಕಿನಲ್ಲಿ ಅಜ್ಜನ ಅಳತೆ ಪುಸ್ತಕಗಳು ಇದ್ದವು ಎಂದು ಗೊತ್ತಾಗಲು ಇನ್ನೂ ಇಪ್ಪತ್ತೈದು ವರ್ಷ ಬೇಕಾಯಿತು.

ಮೈದಾನದ ಮೂಲೆಯಲ್ಲಿ, ಆ ಮೊದಲನೇ ಮಹಾಯುದ್ಧದಲ್ಲಿ ಸತ್ತ ನಮ್ಮ ಪೇಟೆಯ ಸಿಪಾಯಿಗಳ ಕಂಬವಿದೆ. ಅದರಲ್ಲಿ ಮಾತ್ರ ಹೆಸರುಗಳಿದ್ದವು, ಪಕ್ಕದಲ್ಲಿ ನಂಬರು. ಬಸ್ಸುಗಳ ಹೊಗೆಗೋ ಕಲ್ಲಿನ ಗುಣಕ್ಕೋ ಅಕ್ಷರಗಳು ಸವೆದುಹೋಗಿದ್ದವು. ಇಪ್ಪತ್ತಮೂರು ವರ್ಷದ ಹಿಂದೆ ಪುರಸಭೆ ಹೊಸ ಕಲ್ಲು ನಿಲ್ಲಿಸಲು ತೀರ್ಮಾನಿಸಿ ಒಂದು ಸಮಿತಿ ಮಾಡಿತು. ಅಧ್ಯಕ್ಷರು ನಿವೃತ್ತ ಸುಬೇದಾರರು. ಅವರ ಅಜ್ಜನ ಹೆಸರು ಆ ಕಂಬದ ಮೇಲಿತ್ತು. ಪ್ರತಿ ವರ್ಷ ಅದಕ್ಕೆ ಸೆಲ್ಯೂಟ್ ಹೊಡೆದೇ ಅವರು ಬೆಳೆದದ್ದು, ಅದನ್ನು ನೋಡಿಕೊಂಡೇ ಸೈನ್ಯ ಸೇರಿದ್ದು. ಸವೆದ ಹೆಸರುಗಳನ್ನು ಓದಿ ಪಟ್ಟಿ ಮಾಡುವ ಕೆಲಸ ನನಗೆ ಬಿತ್ತು. ನಾನು ಆ ಪಟ್ಟಿಯನ್ನು ಅರ್ಧಿಂಚಿನ ಅಂಗಡಿಗೇ ಒಯ್ದು ಕೂತೆ. ಅಲ್ಲಿ ಬೆಳಕು ಚೆನ್ನಾಗಿತ್ತು.

ಅಂಥ ಒಂದು ದಿನ ಉಗ್ರಾಣದಕ್ಕ ಬಂದಳು. ಆಸ್ಪತ್ರೆಯ ಬಟ್ಟೆ ಉಗ್ರಾಣ ಅವಳದು. ಹರಿದ ಹಾಸಿಗೆ ಹೊದಿಕೆ, ಡಾಕ್ಟರ ಬಿಳಿ ಕೋಟು ಎಲ್ಲ ಗಂಟುಕಟ್ಟಿ ಹದಿನೈದು ದಿನಕ್ಕೊಮ್ಮೆ ರಿಪೇರಿಗೆ ತರುತ್ತಿದ್ದಳು. ಗಂಟು ಇಳಿಸಿ, "ಅಣ್ಣ, ಕಲ್ಲು ಹೊಸದಾಗುತ್ತಂತೆ. ನಮ್ಮ ತಾತನ ಹೆಸರು ಹಾಕ್ಸೋಕೆ ಯಾರನ್ನ ಕೇಳಬೇಕು?" ಎಂದಳು.

ನಾನು ಪಟ್ಟಿಯ ಮೇಲೆ ಬಗ್ಗಿದೆ, ಅವನು ಸೂಜಿಗೆ ದಾರ ಪೋಣಿಸತೊಡಗಿದ.

"ಹೇಳಿಬಿಡಿ ಪರವಾಗಿಲ್ಲ. ಓಡಿಹೋದವನ ಹೆಸರು ಕಲ್ಲಿನ ಮೇಲೆ ಯಾಕೆ ಅಂತ. ಊರೇ ಹೇಳುತ್ತೆ, ನಿಮಗೇನು ಸಂಕೋಚ?"

ಅವಳ ತಾತ ಮತ್ತು ಸುಬೇದಾರರ ಅಜ್ಜ ಒಡಹುಟ್ಟಿದವರು. ಅಣ್ಣ ಸುಬೇದಾರರ ಅಜ್ಜ, ತಮ್ಮ ಇವಳ ತಾತ. ಪೇಟೆಯಲ್ಲಿ ಎಲ್ಲರೂ ಬಲ್ಲ ಕತೆ ಹೀಗಿತ್ತು. ಅಣ್ಣ ಪಲ್ಟನ್ನಿನಲ್ಲಿದ್ದ. ಅವರ ಸೋದರಮಾವ ಅಲ್ಲೇ ಹವಲ್ದಾರ, ಅಣ್ಣನನ್ನು ಸೇರಿಸಿದವನೂ ಅವನೇ. ಯುದ್ಧ ಶುರುವಾದಾಗ ಅಣ್ಣ ರಜೆಯ ಮೇಲೆ ಮನೆಗೆ ಬಂದಿದ್ದ. ರಜೆ ರದ್ದಾಯಿತು, ಕರೆದೊಯ್ಯಲು ಮಾವ ಬಂದ, ತಮ್ಮನನ್ನೂ ಸೇರಿಸಿಕೊಳ್ಳುವುದೆಂದು ಮಾತಾಯಿತು. ಹೊರಡುವ ಹೊತ್ತಿಗೆ ತಮ್ಮ ಇಲ್ಲ. ಹೆದರಿ ಓಡಿಹೋದ. ಅಣ್ಣ ಹೋಗಿ ಹಡಗು ಹತ್ತಿ, ದೂರದ ಕೆಸರಿನಲ್ಲಿ ಸತ್ತ. ಒಂದು ಮನೆಗೆ ಕಂಬ ಬಂತು, ಇನ್ನೊಂದು ಮನೆಗೆ "ಓಡಿಹೋದವನ ಮನೆ" ಎಂಬ ಹೆಸರು ಬಂತು. ಎರಡೂ ಮನೆಯವರು ದಾಯಾದಿಗಳಾಗಿ ಮಾತು ಬಿಟ್ಟು ಮೂರು ತಲೆಮಾರಾಗಿತ್ತು.

"ನಂದೇನಿಲ್ಲ. ಅಪ್ಪನದೇ ಕಷ್ಟ" ಎಂದಳು ಅಕ್ಕ. ಅವಳ ಅಪ್ಪ, ಬಡಗಿ ತಾತ, ಆಸ್ಪತ್ರೆಯ ಮಂಚಗಳನ್ನೆಲ್ಲ ಮಾಡಿದವರು. ಹುಟ್ಟುವ ಮೊದಲೇ ಅಪ್ಪನನ್ನು ಕಳೆದುಕೊಂಡವರು. ಆಗ ಅವರಿಗೆ ಎಂಬತ್ತನಾಲ್ಕು. ಹದಿನೆಂಟರಲ್ಲಿ ಸೈನ್ಯಕ್ಕೆ ಸೇರಲು ಸಾಲಿನಲ್ಲಿ ನಿಂತಾಗ, ಯಾವ ಮನೆ ಎಂದು ಕೇಳಿ ತಿಳಿದುಕೊಂಡವನೊಬ್ಬ, "ಇವನಿಗೆ ಬೂಟು ಹಿಂದುಮುಂದು ಮಾಡಿ ಕೊಡಬೇಕಾಗುತ್ತೆ" ಎಂದನಂತೆ. ಸಾಲೆಲ್ಲ ನಕ್ಕಿತಂತೆ. ಅವರು ಅಲ್ಲಿಂದ ನಡೆದುಬಂದವರು ಮತ್ತೆ ಯಾವ ಸಾಲಿನಲ್ಲೂ ನಿಲ್ಲಲಿಲ್ಲ. "ಡಾಕ್ಟ್ರು ಇನ್ನೊಂದು ವರ್ಷ ಅಂದಿದ್ದಾರೆ. ಅಪ್ಪ ದಿನಾ ಒಂದೇ ಮಾತು. 'ನಿನ್ನಪ್ಪ ಓಡಿಹೋಗೋ ಪೈಕಿ ಅಲ್ಲ ಅಂತ ಅಮ್ಮ ಹೇಳ್ತಿದ್ಲು. ಮತ್ತೆಲ್ಲಿಗೆ ಹೋದ್ರು ಅಂದ್ರೆ ಬಾಯಿ ಮುಚ್ಕೋತಿದ್ಲು.' ಅಪ್ಪನಿಗೆ ಎಂಟು ವರ್ಷ ಆದಾಗ ಅಜ್ಜಿಯೂ ಹೋದ್ಲಂತೆ. ಗೊತ್ತಾಗದೆ ಸಾಯೋದು ಅಂದ್ರೆ ಅಪ್ಪನಿಗೆ ಭಯ, ಸಾವಿನ ಭಯ ಅಲ್ಲ."

ಅವಳು ಹೋದ ಮೇಲೆ ನಾನು ಪಟ್ಟಿ ಮುಂದುವರಿಸಿದೆ. ಸವೆದ ಕಲ್ಲಿನಿಂದ ಕಾಗದ ಒತ್ತಿ ತೆಗೆದ ಅಕ್ಷರಗಳನ್ನು ಗಟ್ಟಿಯಾಗಿ ಓದುವುದು, ಅವನು ಕೇಳಿಸಿಕೊಳ್ಳುವುದು. ಸುಬೇದಾರರ ಅಜ್ಜನ ಹೆಸರು ಬಂತು. "ನಂಬರು ಸಾವಿರದ ನೂರ ನಲವತ್ತೇಳು" ಎಂದೆ.

ಮೆಷಿನ್ನು ನಿಂತಿತು. "ಇನ್ನೊಂದ್ಸಲ ಹೇಳು."

ಹೇಳಿದೆ. ಅವನು ಎದ್ದು, ಮೂರು ಗಂಟೆಗೆಲ್ಲ ಅಂಗಡಿ ಬಾಗಿಲು ಹಾಕಿದ. ಅವನು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೆಯ ದಿನ ಮಧ್ಯಾಹ್ನ ಅವನ ಅಡುಗೆಮನೆಯಲ್ಲಿ ಕೂತಿದ್ದೆವು. ಅತ್ತಿಗೆ ಚಹಾ ಸೋಸುತ್ತಿದ್ದರು. ಮೇಜಿನ ಮೇಲೆ ಟ್ರಂಕಿನಿಂದ ತೆಗೆದ ಒಂದು ಉದ್ದನೆಯ ಪುಸ್ತಕ, ರಟ್ಟಿಗೆ ಖಾಕಿ ಬಟ್ಟೆ. ನಾನು ಕೈ ಚಾಚಿದೆ. ಅವನು ಅದರ ಮೇಲೆ ಅಂಗೈ ಇಟ್ಟ.

"ಒಂದೇ ನಂಬರಿನ ಕೆಳಗೆ ಎರಡು ಮೈ ಇದೆ" ಎಂದ.

"ಅಂದ್ರೆ?"

"೧೧೪೭. ಯುದ್ಧದ ಹಿಂದಿನ ವರ್ಷ ತಾತ ಒಂದು ಅಳತೆ ಬರೆದಿದ್ದಾರೆ. ಹಡಗು ಹತ್ತೋ ಮುಂಚೆ ಇನ್ನೊಂದು. ಚಿಕ್ಕೋನಾಗಿದ್ದಾಗ ಇದನ್ನ ನೋಡಿ, ತಾತನೂ ಎಡವಿದ್ದಾರೆ ಅಂದ್ಕೊಂಡು ಖುಷಿಪಟ್ಟಿದ್ದೆ. ಹೊಟ್ಟೆ ಬೆಳೆಯುತ್ತೆ ಲೈಬ್ರರಿ, ಎದೆ ಹಿಗ್ಗುತ್ತೆ, ಕುಗ್ಗುತ್ತೆ. ದೊಡ್ಡೋರ ತೋಳು ಒಂದೇ ವರ್ಷದಲ್ಲಿ ಗಿಡ್ಡ ಆಗಲ್ಲ."

"ತಪ್ಪೇ ಇರಬಹುದಲ್ಲ."

"ನಮ್ಮಲ್ಲಿ ಹೊಸ ಅಳತೆ ಬರೆದ ತಕ್ಷಣ ಹಳೇದರ ಮೇಲೆ ಅಡ್ಡ ಗೆರೆ. ಇಡೀ ಪುಸ್ತಕದಲ್ಲಿ ಹಾಗೇ ಇದೆ. ಇದೊಂದಕ್ಕೆ ಗೆರೆ ಇಲ್ಲ. ಆ ಮೈ ಎಲ್ಲೋ ಇದೆ, ಈ ಮೈ ಬೇರೆ ಅಂತ ತಾತನಿಗೆ ಗೊತ್ತಿತ್ತು. ಹವಲ್ದಾರ ಹೇಳಬೇಡ ಅಂದಿರ್ತಾನೆ, ಹೇಳಲಿಲ್ಲ. ಆದರೆ ಸುಳ್ಳು ಅಳತೆ ಬರೆಯೋಕೆ ಕೈ ಬಂದಿಲ್ಲ. ಬರೆದ್ರೆ ಕೋಟು ಕೂರಲ್ವಲ್ಲ."

ನನ್ನ ತಲೆಗೆ ಈಗ ಹೊಳೆಯಿತು. ಕರ್ನಲ್ಲರ ಪುಸ್ತಕದಲ್ಲೇ ಓದಿದ್ದೆವು, ಸಿಪಾಯಿಯೊಬ್ಬ ತಪ್ಪಿಸಿಕೊಂಡರೆ ಅವನಿಗೆ ಜಾಮೀನು ನಿಂತು ಸೇರಿಸಿದವನ ತೋಳಿನ ಬಡ್ತಿ ಪಟ್ಟಿ ಕಿತ್ತುಹಾಕುತ್ತಿದ್ದರು. ಓಡಿಹೋದವನು ತಮ್ಮನಲ್ಲ, ಅಣ್ಣ. ಮಾವನ ಮಾನ, ಮನೆಯ ಮಾನ ಉಳಿಸಲು ತಮ್ಮ ಅಣ್ಣನ ಹೆಸರು ತೊಟ್ಟುಕೊಂಡು ಹೋದ. ಸತ್ತದ್ದೂ ಅದೇ ಹೆಸರಿನಲ್ಲಿ.

"ಅಳತೆ ಎಷ್ಟೆಷ್ಟಿದೆ?" ಎಂದೆ.

"ಅದು ಹೇಳೋ ಹಾಗಿಲ್ಲ."

"ಮಾರಾಯ, ಸತ್ತು ಎಂಬತ್ತೈದು ವರ್ಷ ಆಗಿದೆ."

"ಒಬ್ಬರ ಅಳತೆ ಇನ್ನೊಬ್ಬರಿಗೆ ಹೇಳಬಾರದು. ನಮ್ಮಪ್ಪ ನನ್ನನ್ನ ಮೆಷಿನ್ನಿಗೆ ಕೂರಿಸೋ ಮುಂಚೆ ಹೇಳಿಸಿದ ಮೊದಲನೇ ಮಾತು ಇದು. ಯಾರ ಬೆನ್ನು ಗೂನು, ಯಾರ ಒಂದು ಕಾಲು ಗಿಡ್ಡ, ಯಾರು ಒಳಗೊಳಗೇ ಸೊರಗ್ತಿದ್ದಾರೆ, ಎಲ್ಲ ನಮಗೆ ಗೊತ್ತಾಗುತ್ತೆ. ಅದಕ್ಕೇ ಜನ ನಮ್ಮ ಮುಂದೆ ಕೈ ಎತ್ತಿ ನಿಲ್ಲೋದು. ಸತ್ತೋರದ್ದು ಅವರ ಮಕ್ಕಳಿಗೆ ಸೇರಿದ್ದು, ನನಗಲ್ಲ."

ಎರಡು ವಾರ ಹೀಗೇ ಕಳೆಯಿತು. ಕಲ್ಲುಕುಟಿಗ ಮುಂದಿನ ಸೋಮವಾರ ಅಕ್ಷರ ಶುರುಮಾಡುವವನಿದ್ದ. ನಾನು ಸಮಿತಿಯಲ್ಲಿ ಬಡಗಿ ತಾತನ ಮಾತು ಎತ್ತಿದೆ. ಸುಬೇದಾರರು, "ಸತ್ತೋರ ಕಲ್ಲಿನ ಮೇಲೆ ಓಡಿದೋರ ಹೆಸರಾ? ಸರಿ ಹೋಯ್ತು" ಎಂದು ಮುಂದಿನ ವಿಷಯಕ್ಕೆ ಹೋದರು. ಅರ್ಧಿಂಚಿಗೆ ಊಟ ಸೇರುತ್ತಿರಲಿಲ್ಲ. ಎಂದೂ ತಪ್ಪದವನು ಒಬ್ಬ ವಕೀಲರ ಕೋಟಿಗೆ ಎರಡೂ ಎಡಗೈ ಕತ್ತರಿಸಿಬಿಟ್ಟ.

ಕೊನೆಗೆ ಬಗೆಹರಿಸಿದವರು ಅತ್ತಿಗೆ. ಆ ಹಾಳಾದ ತೋಳನ್ನು ಎತ್ತಿ ನೋಡಿ, "ಒಬ್ಬರದ್ದನ್ನ ಇನ್ನೊಬ್ಬರಿಗೆ ಹೇಳಬಾರದು, ಒಪ್ಪಿದೆ. ಅವರವರದ್ದನ್ನ ಅವರವರಿಗೆ ಹೇಳೋಕೆ ಏನು ದಾಡಿ ನಿಮಗೆ?" ಎಂದರು.

ಅವನು ಹೆಂಡತಿಯ ಮುಖ ನೋಡಿದ. "ಮೂವತ್ತು ವರ್ಷದಿಂದ ನೀನೇ ಅಂಗಡಿಯಲ್ಲಿ ಕೂರಬೇಕಿತ್ತು."

"ಕೂತಿದ್ರೆ ಎರಡು ಎಡಗೈ ಕತ್ತರಿಸ್ತಿರಲಿಲ್ಲ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸುಬೇದಾರರನ್ನು ಕೋಟಿನ ಅಳತೆಗೆ ಕರೆದಿದ್ದ. ಕಲ್ಲು ನಿಲ್ಲಿಸುವ ದಿನಕ್ಕೆ ಅವರಿಗೆ ಹೊಸ ಕೋಟು ಬೇಕಿತ್ತು. ಅದಕ್ಕೆ ಅರ್ಧ ಗಂಟೆ ಮೊದಲೇ ಉಗ್ರಾಣದಕ್ಕ ಅಪ್ಪನ ಕೈಹಿಡಿದು ಕರೆತಂದಳು. ಬಡಗಿ ತಾತ ಕಾಜಾ ಹೊಲಿಯುವ ಸ್ಟೂಲಿನ ಮೇಲೆ ಕೂತು, ಸ್ಟೂಲಿನ ಕಾಲು ಅಲ್ಲಾಡಿಸಿ ನೋಡಿ, "ಯಾವನಪ್ಪ ಮಾಡಿದ್ದು, ಕೀಲೇ ಕೂತಿಲ್ಲ" ಎಂದರು. ಕಿವಿ ಮಂದ. ಅರ್ಧಿಂಚು ಅವರನ್ನು ನಿಲ್ಲಿಸಿ ಮೆಲ್ಲಗೆ ಅಳೆದ. ಟೇಪು ಎಡ ಭುಜದ ಮೇಲೆ ಎರಡು ಸಲ ಹೋಯಿತು. ನಾನು ಅವನ ಮುಖ ನೋಡುತ್ತಿದ್ದೆ. ಎರಡು ವಾರದಿಂದ ಬಿಗಿದಿದ್ದ ದವಡೆ ಸಡಿಲಾಯಿತು.

ಸುಬೇದಾರರು ಬಂದು ಬಾಗಿಲಲ್ಲೇ ನಿಂತರು. "ಗಿರಾಕಿ ಇದ್ದಾರೆ. ಆಮೇಲೆ ಬರ್ತೀನಿ."

"ಒಳಗೆ ಬನ್ನಿ ಸಾಹೇಬ್ರೇ. ನೀವು ಬರಲಿ ಅಂತಲೇ ಕರೆದಿದ್ದು. ಅವರೂ ಇರಲಿ ಅಂತಲೇ ಕರೆದಿದ್ದು. ನನ್ನ ಹತ್ತಿರ ನಿಮ್ಮಿಬ್ಬರ ಮನೆಯ ಒಂದೊಂದು ವಸ್ತು ಇದೆ. ಕೊಟ್ಟುಬಿಡ್ತೀನಿ. ಆಮೇಲೆ ನೀವುಂಟು, ಅವರುಂಟು."

ಅವನು ಸುಬೇದಾರರನ್ನು ಪರದೆಯ ಹಿಂದೆ ಕರೆದೊಯ್ದು ಪುಸ್ತಕ ತೆರೆದ. ಏನೋ ಪಿಸುಗುಟ್ಟಿದ್ದು ಮಾತ್ರ ಕೇಳಿಸಿತು. ಸುಬೇದಾರರು ಹೊರಬಂದಾಗ ಅವರ ಮುಖದಲ್ಲಿ ಸಂತೋಷವಿತ್ತು. ಅಜ್ಜನ ಮೈಯ ಲೆಕ್ಕ ಅವರಿಗೆ ಯಾರೂ ಹೇಳಿದವರಿರಲಿಲ್ಲ. ತಮ್ಮ ಉದ್ದನೆಯ ಬಲಗೈಯನ್ನೇ ಒಮ್ಮೆ ನೋಡಿಕೊಂಡರು.

ಬಡಗಿ ತಾತನಿಗೆ ಪಿಸುಗುಟ್ಟಿದರೆ ಬಸ್ ನಿಲ್ದಾಣಕ್ಕೂ ಕೇಳಿಸಬೇಕಾಗುತ್ತಿತ್ತು. ಅರ್ಧಿಂಚು ಒಂದು ತುಂಡು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟ. ಇಂಚು ಓದಲು ಬಡಗಿಗೆ ಯಾರ ನೆರವೂ ಬೇಡ. ಅವರು ಕಣ್ಣಿಗೆ ಹತ್ತಿರ ಹಿಡಿದು ಗಟ್ಟಿಯಾಗಿಯೇ ಓದಿದರು.

"ತೋಳು ಇಪ್ಪತ್ತಮೂರು. ಎಡ ಭುಜ ಮುಕ್ಕಾಲು ಇಂಚು ಇಳಿಕೆ. ಇದು ನನ್ನದೇ ಅಲ್ವೇನಪ್ಪ? ಈಗ ತಾನೇ ಅಳೆದ್ಯಲ್ಲ."

ಅರ್ಧಿಂಚು ಅವರ ಕಿವಿಯ ಬಳಿ ಬಗ್ಗಿ ಹೇಳಿದ. "ನಿಮ್ಮದಲ್ಲ ತಾತ. ಪಲ್ಟನ್ನು ಹಡಗು ಹತ್ತೋ ಮುಂಚೆ ನಮ್ಮಜ್ಜ ಬರೆದಿಟ್ಟದ್ದು. ನಂಬರು ಸಾವಿರದ ನೂರ ನಲವತ್ತೇಳು. ನಿಮ್ಮ ತಂದೆಯವರದು ಅಂತ ನನ್ನ ಕೈ ಹೇಳ್ತಿದೆ. ಅದಕ್ಕೇ ನಿಮಗೆ ಕೊಟ್ಟೆ."

ಆ ನಂಬರು ಯಾರದೆಂದು ಉಗ್ರಾಣದಕ್ಕನಿಗೂ ಗೊತ್ತು, ಪೇಟೆಗೆಲ್ಲ ಗೊತ್ತು. ಆದರೆ ಅದೇ ನಂಬರಿಗೆ ಮೊದಲು ಬರೆದ ಅಳತೆ ಎಷ್ಟಿತ್ತೆಂದು ಆ ಕೋಣೆಯಲ್ಲಿ ಬಲ್ಲವರು ಇಬ್ಬರೇ. ಒಬ್ಬ ಹೇಳುವವನಲ್ಲ. ಇನ್ನೊಬ್ಬರು, ಸುಬೇದಾರರು, ಹೇಳಬೇಕಾಗಿಯೇ ಇರಲಿಲ್ಲ. "ನಮ್ಮಜ್ಜನದ್ದೂ ಅದೇ" ಎಂದುಬಿಟ್ಟರೆ ಮುಗಿಯುತ್ತಿತ್ತು. ಅರ್ಧಿಂಚು ಬಾಯಿ ಬಿಡುತ್ತಿರಲಿಲ್ಲ, ಅದು ನನಗೆ ಗೊತ್ತು.

ಸುಬೇದಾರರು, "ನಿಮ್ಮಜ್ಜ ತಪ್ಪು ಅಳೆದಿರ್ತಾರೆ" ಎಂದರು.

"ಅಳೆದಿರಬಹುದು ಸಾಹೇಬ್ರೇ."

"ತಪ್ಪೇ."

"ತಪ್ಪಾಗಿದ್ರೆ ಹಳೇದಕ್ಕೆ ಗೆರೆ ಎಳೀತಿದ್ರು. ನೀವೇ ನೋಡಿದ್ರಲ್ಲ, ಗೆರೆ ಇದೆಯಾ?"

ಸುಬೇದಾರರು ಹೊರಟರು. ಹೊಸ್ತಿಲು ದಾಟಿ ಬೀದಿಗಿಳಿದರು. ಉಗ್ರಾಣದಕ್ಕ ಅಪ್ಪನ ಕೈಲಿದ್ದ ಬಟ್ಟೆ ತುಂಡನ್ನು ಮಡಿಸಲು ತೆಗೆದುಕೊಂಡಳು. ಮುದುಕರು ಬಿಡಲಿಲ್ಲ. "ನಮ್ಮಪ್ಪನ ತೋಳು" ಎಂದು ಅದನ್ನು ತಮ್ಮ ತೋಳಿನ ಮೇಲೆ ಇಟ್ಟುಕೊಂಡರು, ಮರದ ಹಲಗೆಯ ಮೇಲೆ ಅಳತೆಕೋಲು ಇಡುವ ಹಾಗೆ.

ಬೀದಿಯಲ್ಲಿ ಬೂಟಿನ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಹಿಂದಕ್ಕೆ ಬಂತು. ಸುಬೇದಾರರು ಬಾಗಿಲಿನ ಚೌಕಟ್ಟು ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಮಾತಾಡಿದರು.

"ನಮ್ಮಜ್ಜಿ ಕೊನೇಗಾಲದಲ್ಲಿ ಹೇಳ್ತಿದ್ರು, 'ಅವರು ಹಡಗು ಹತ್ತಲೇ ಇಲ್ಲ ಕಂದ.' ಅರಳುಮರುಳು ಅಂದ್ಕೊಂಡ್ವಿ. ನಾನೇ ಗದರಿದ್ದೆ, ಇನ್ನೊಂದ್ಸಲ ಹಾಗನ್ನಬೇಡಿ ಅಂತ. ಆಮೇಲೆ ಅವರು ಅನ್ನಲಿಲ್ಲ." ಅವರು ಬಲಗೈ ಮುಂದಕ್ಕೆ ಚಾಚಿದರು. "ನಮ್ಮಜ್ಜನ ತೋಳು ಇಪ್ಪತ್ತೈದೂವರೆ ಇಂಚು, ಚಿಕ್ಕಪ್ಪ. ನಂದೂ ಅಷ್ಟೇ. ಅರ್ಧಿಂಚನ್ನ ಕೇಳಿ ಬೇಕಾದ್ರೆ."

ಬಡಗಿ ತಾತನಿಗೆ ಮಾತು ಪೂರ್ತಿ ಕೇಳಿಸಿತೋ ಇಲ್ಲವೋ. ಅವರು ಮಗಳ ಕಡೆ ತಿರುಗಿ, "ನನ್ನ ಏನಂದ ಇವನು?" ಎಂದರು.

"ಚಿಕ್ಕಪ್ಪ ಅಂದ್ರು ಅಪ್ಪ."

"ಹ್ಞಾಂ" ಎಂದರು. ಅಷ್ಟೇ. ಆಮೇಲೆ ಸ್ಟೂಲಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು, ಇಬ್ಬರು ಕೂರುವಂಥ ಸ್ಟೂಲೇ ಅಲ್ಲ ಅದು.

ಸುಬೇದಾರರು ಕೂರದೆ ನಿಂತೇ ಇದ್ದರು. "ಮೂವತ್ತು ವರ್ಷ ಆ ಹೆಸರು ನೋಡ್ಕೊಂಡೇ ನೌಕರಿ ಮಾಡಿದೆ" ಎಂದರು ಅರ್ಧಿಂಚಿಗೆ.

"ನೌಕರಿ ನೀವೇ ಮಾಡಿದ್ದಲ್ವಾ ಸಾಹೇಬ್ರೇ. ತೋಳು ಅಜ್ಜನದಿರಬಹುದು, ಪಟ್ಟಿ ನೀವೇ ಸಂಪಾದಿಸಿದ್ದು. ನಾನೇ ಹೊಲಿದಿದ್ದೀನಿ, ನನಗೆ ಗೊತ್ತಿಲ್ವಾ?"

ಆ ಸಂಜೆ ಸಮಿತಿ ಸೇರಿತು, ಬಡಗಿ ತಾತನನ್ನೂ ಅರ್ಧಿಂಚನ್ನೂ ಕರೆಸಿದರು. ಅಣ್ಣನ ಹೆಸರು ತೆಗೆದು ತಮ್ಮನದು ಹಾಕುವುದೆಂದು ಸುಬೇದಾರರೇ ಹೇಳಿದರು. ಕಾಗದದಲ್ಲಿ ಬರೆದುಕೊಂಡೇ ಬಂದಿದ್ದರು. ಅದಕ್ಕೆ ಅಡ್ಡ ಬಂದವರು ಬಡಗಿ ತಾತ.

"ದೊಡ್ಡಪ್ಪನ ಹೆಸರು ಯಾಕೆ ತೆಗೀತೀರಿ? ನಮ್ಮಪ್ಪ ಅಲ್ಲಿ ಆ ಹೆಸರಿಗೇ ಓಗೊಟ್ಟಿದ್ದು. ಊಟಕ್ಕೆ ಕರೆದಾಗ್ಲೂ ಅದೇ, ಸತ್ತಾಗ ಕರೆದದ್ದೂ ಅದೇ. ದೊಡ್ಡಪ್ಪ ಆದ್ರೂ ಎಲ್ಲಿ ಸತ್ತರೋ ಏನೋ. ಹೆದರಿದ, ಓಡಿದ. ಇಪ್ಪತ್ತೆರಡು ವರ್ಷದ ಹುಡುಗ ಹೆದರಬಾರದು ಅಂತ ಯಾರಾದ್ರೂ ಕಟ್ಟಳೆ ಮಾಡಿದ್ದಾರಾ? ಎಂಬತ್ತನಾಲ್ಕು ವರ್ಷ ಓಡಿದೋನ ಮಗ ಅನ್ನಿಸಿಕೊಂಡೋನು ನಾನು. ಆ ಮಾತು ಇನ್ನೊಂದು ಮನೆ ಬಾಗಿಲಿಗೆ ದಾಟಿಸೋಕೆ ನಾನು ಇಷ್ಟು ದಿನ ಬದುಕಿಲ್ಲ."

"ಹಾಗಾದ್ರೆ ಲೆಕ್ಕ ಒಂದು ಜಾಸ್ತಿ ಆಗುತ್ತೆ" ಎಂ‌ದರು ಪುರಸಭೆಯ ಗುಮಾಸ್ತರು. "ಸತ್ತವರು ನೂರಹದಿನಾಲ್ಕು, ಹೆಸರು ನೂರಹದಿನೈದು."

"ನಂಬರು ಒಂದೇ ಇರಲಿ" ಎಂದ ಅರ್ಧಿಂಚು. "ಒಂದು ನಂಬರು, ಪಕ್ಕದಲ್ಲಿ ಎರಡು ಹೆಸರು. ಅದೇ ನಡೆದದ್ದಲ್ವಾ?"

ಕಲ್ಲುಕುಟಿಗನಿಗೆ ಸಾಲು ಉದ್ದವಾಯಿತೆಂದು ಕಿರಿಕಿರಿ. ಅಂಚಿನಲ್ಲಿ ಜಾಗ ಸಾಲದೆ ಕೊನೆಯ ಎರಡು ಅಕ್ಷರ ಇಕ್ಕಟ್ಟಾಗಿ ಕೂತಿವೆ. ಈಗಲೂ ಬಸ್ಸಿಗೆ ಕಾಯುವವರು ಆ ಸಾಲಿನ ಮೇಲೆ ಬೆರಳಿಟ್ಟು, ಇದ್ಯಾಕೆ ಹೀಗೆ ಎಂದು ಕೇಳುತ್ತಾರೆ. ಕೇಳಿದವರಿಗೆ ಹೇಳಲು ಪೇಟೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಪಲ್ಟನ್ನಿನ ಚರಿತ್ರೆಯಲ್ಲಿ ಜನಕ್ಕೆ ಬಾಯಿಗೆ ಬರುವುದು ಅದೊಂದೇ. ಕರ್ನಲ್ಲರ ಎರಡು ಸಂಪುಟವನ್ನು ನನ್ನ ಬಳಿಕ ಯಾರೂ ಎರವಲು ಪಡೆದಿಲ್ಲ.

ಬಡಗಿ ತಾತ ಡಾಕ್ಟರ ಮಾತು ಸುಳ್ಳುಮಾಡಿ ಇನ್ನೂ ಮೂರು ವರ್ಷ ಇದ್ದರು. ಸುಬೇದಾರರು ವಾರಕ್ಕೊಮ್ಮೆ ಆ ಮನೆಗೆ ಹೋಗಿ ಕೂರುತ್ತಿದ್ದರು. ಒಬ್ಬರು ಕಿವುಡರು, ಇನ್ನೊಬ್ಬರು ಕವಾಯತಿನ ದನಿಯವರು. ಅವರ ಹರಟೆ ಎರಡು ಬೀದಿ ಆಚೆಗೆ ಕೇಳಿಸುತ್ತಿತ್ತು. ಅರ್ಧಿಂಚು ಆ ವಿಷಯ ಮತ್ತೆಂದೂ ಎತ್ತಲಿಲ್ಲ. ಅಳತೆ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಡು ಎಂದು ನಾನು ಎಷ್ಟೋ ಸಲ ಕೇಳಿದೆ. "ಯಾರಾದ್ರೂ ತಮ್ಮ ಮನೆಯದ್ದು ಕೇಳ್ಕೊಂಡು ಬಂದ್ರೆ ಇಲ್ಲಿ ಬರಲಿ, ಟೀ ಆದ್ರೂ ಸಿಗುತ್ತೆ" ಎನ್ನುತ್ತಿದ್ದ. ಬಂದರು ಕೂಡ. ಆ ಇಪ್ಪತ್ತಮೂರು ವರ್ಷದಲ್ಲಿ ಹತ್ತೊಂಬತ್ತು ಮನೆಯವರು ಬಂದು, ಪರದೆಯ ಹಿಂದೆ ನಿಂತು, ಫೋಟೋ ಕೂಡ ಇಲ್ಲದ ತಮ್ಮ ಹಿರಿಯರ ಎದೆ, ಸೊಂಟ, ತೋಳು ಎಷ್ಟೆಂದು ಕೇಳಿಕೊಂಡು ಹೋದರು. ಹೊರಬರುವಾಗ ಬಹುಪಾಲು ಜನ ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಈಗ ಆ ಕೆಲಸ ಅತ್ತಿಗೆ ವಹಿಸಿಕೊಂಡಿದ್ದಾರೆ. ನಿಯಮ ಹಳೆಯದೇ ಎಂದು ನನಗೂ ಮೊದಲೇ ತಿಳಿಸಿಬಿಟ್ಟಿದ್ದಾರೆ.

ಅವನನ್ನು ಒಯ್ಯುವ ದಿನ ದರ್ಜಿ ಸಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ನಾನು ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದೆ. ಅವನಿಲ್ಲದೆ ಆ ಬೆಂಚಿನ ಮೇಲೆ ಕೂತದ್ದು ನನಗೆ ಅದೇ ಮೊದಲು. ಒಂದು ಆಟೋ ಬಂದು ನಿಂತಿತು. ಮೂರು ಜನ ಕೂರುವ ಗಾಡಿಯಿಂದ ಏಳು ಜನ ಇಳಿದರು. ಮೊದಲು ಎಂಬತ್ತೆಂಟರ ಸುಬೇದಾರರು, ಅವರ ತೋಳು ಹಿಡಿದು ಎಪ್ಪತ್ತು ದಾಟಿದ ಉಗ್ರಾಣದಕ್ಕ, ಹಿಂದೆ ಎರಡೂ ಮನೆಯ ಮಕ್ಕಳು ಮೊಮ್ಮಕ್ಕಳು.

"ಅಣ್ಣ, ಕಾಲು ನೋಡಿ ಇಡಿ, ಮೆಟ್ಟಿಲಿದೆ" ಎಂದಳು ಅಕ್ಕ.

"ಕಾಣುತ್ತೆ ಕಣಮ್ಮ. ದಾರಿಯುದ್ದಕ್ಕೂ ನನ್ನ ಕಾಲ ಮೇಲೆ ಕೂತಿದ್ದವಳು ನೀನು, ಮರಗಟ್ಟದೆ ಇನ್ನೇನಾಗುತ್ತೆ?"

"ಇನ್ನೊಂದು ಆಟೋ ಮಾಡಿ ಅಂದೆ, ಕೇಳಿದ್ರಾ?"

ನನ್ನ ಪಕ್ಕದಲ್ಲಿ ಕೂತಿದ್ದವರು ಪೇಟೆಗೆ ಹೊಸಬರು, ಆಸ್ಪತ್ರೆಗೆ ವರ್ಗವಾಗಿ ಬಂದ ಯುವ ಡಾಕ್ಟರು. ಅವರ ಬಿಳಿ ಕೋಟು ಇನ್ನೂ ಒಳಗೆ ಮೆಷಿನ್ನಿನ ಮೇಲೆ ಅರ್ಧ ಹೊಲಿದ ಹಾಗೇ ಇತ್ತು. "ಇವರೆಲ್ಲ ಯಾರು ಸರ್?" ಎಂದು ಮೆಲ್ಲಗೆ ಕೇಳಿದರು.

"ಒಂದೇ ಮನೆಯವರು" ಎಂದು, ನಾನು ಎದ್ದು ಸುಬೇದಾರರಿಗೂ ಅಕ್ಕನಿಗೂ ಬೆಂಚು ಬಿಟ್ಟುಕೊಟ್ಟೆ.